ರಾಶಿಯ ಸ್ವಭಾವಕ್ಕೆ ಒಪ್ಪುವ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಊಟಕ್ಕೆ ಬರುವವರ ರಾಶಿ ಕೇಳಿಕೊಂಡು ಅಡುಗೆ ಯೋಚಿಸುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಈ ವಿಷಯ ಹೇಳಿದಾಗಲೆಲ್ಲ ಕೆಲವರು ಕುತೂಹಲದಿಂದ, ಕೆಲವರು ಅನುಮಾನದಿಂದ ಪ್ರಶ್ನೆ ಕೇಳುತ್ತಾರೆ. ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿಗೆ ನನ್ನ ಉತ್ತರಗಳು ಇಲ್ಲಿವೆ.

ರಾಶಿಗೂ ಊಟಕ್ಕೂ ನಂಟು ಹಾಕಿದ್ದು ಈಚಿನ ಕಾಲದವರೇ?

ಅಲ್ಲ, ಇದು ಬಹಳ ಹಳೆಯ ಆಸೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಪೆಟ್ರೋನಿಯಸ್ ಬರೆದ ‘ಸಾಟಿರಿಕಾನ್’ ಕಥನದಲ್ಲಿ ಟ್ರಿಮಾಲ್ಕಿಯೋ ಎಂಬ ಹೊಸ ಸಿರಿವಂತನ ಔತಣವಿದೆ. ಅಲ್ಲಿ ಒಂದು ದುಂಡನೆಯ ದೊಡ್ಡ ತಟ್ಟೆ ಬರುತ್ತದೆ. ಅದರ ಅಂಚಿನ ಸುತ್ತ ಹನ್ನೆರಡು ರಾಶಿಗಳ ಚಿತ್ರ, ಒಂದೊಂದರ ಮೇಲೂ ಅದಕ್ಕೆ ತಕ್ಕ ತಿನಿಸು. ಮೇಷದ ಮೇಲೆ ಕಡಲೆ, ವೃಷಭದ ಮೇಲೆ ಗೋಮಾಂಸದ ತುಂಡು, ಸಿಂಹದ ಮೇಲೆ ಆಫ್ರಿಕದ ಅಂಜೂರ, ಮೀನದ ಮೇಲೆ ಎರಡು ಮೀನು. ತುಲಾ ರಾಶಿಯ ಮೇಲೆ ನಿಜವಾದ ತಕ್ಕಡಿಯನ್ನೇ ಇಟ್ಟು ಒಂದು ತಟ್ಟೆಯಲ್ಲಿ ಒಂದು ಬಗೆಯ ಸಿಹಿ, ಇನ್ನೊಂದರಲ್ಲಿ ಮತ್ತೊಂದು ಬಗೆಯದನ್ನು ಇಟ್ಟಿರುತ್ತಾರೆ. ನಡುವೆ ಹಸಿರು ಹುಲ್ಲಿನ ಹೆಂಟೆ, ಅದರ ಮೇಲೆ ಜೇನುಹುಟ್ಟು. ಕರ್ಕಾಟಕದ ಮೇಲೆ ಮಾತ್ರ ತಿನ್ನುವಂಥದ್ದು ಏನೂ ಇಲ್ಲ, ಬರೀ ಒಂದು ಹೂಮಾಲೆ. ತಾನು ಹುಟ್ಟಿದ ರಾಶಿ ಅದೇ ಆದ್ದರಿಂದ ಅದರ ಮೇಲೆ ಭಾರ ಹೇರಲು ಮನಸ್ಸು ಬರಲಿಲ್ಲ ಎಂದು ಟ್ರಿಮಾಲ್ಕಿಯೋ ಕಾರಣ ಕೊಡುತ್ತಾನೆ.

ಕಡಲೆ ಮೇಷಕ್ಕೆ ಹೇಗೆ ಬಂತೆಂದು ಕೇಳಬಹುದು. ಕಡಲೆಕಾಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಂದೆ ಚಾಚಿದ ಮೂತಿ, ಹಿಂದಕ್ಕೆ ಉಬ್ಬಿದ ತಲೆ. ಥೇಟು ಟಗರಿನ ಮುಖ. ಅದರ ಸಸ್ಯಶಾಸ್ತ್ರೀಯ ಹೆಸರು ಇಂದಿಗೂ ‘ಸೈಸರ್ ಏರಿಯೆಟಿನಮ್’. ಎರಡನೆಯ ಪದಕ್ಕೆ ಟಗರಿನಂಥದ್ದು ಎಂದೇ ಅರ್ಥ.

ಹಾಗಾದರೆ ಮೀನ ರಾಶಿಯವರಿಗೆ ಮೀನು, ಕರ್ಕಾಟಕದವರಿಗೆ ಏಡಿ ಎಂದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಈ ವಿಷಯದಲ್ಲಿ ಜನ ಮೊದಲು ಎಡವುವುದು ಇಲ್ಲೇ. ಟ್ರಿಮಾಲ್ಕಿಯೋನ ತಟ್ಟೆಯಲ್ಲಿದ್ದದ್ದು ಬಹುಮಟ್ಟಿಗೆ ಚಿಹ್ನೆಗೆ ಹೊಂದುವ ತಿನಿಸು. ಚಿತ್ರ ಹೇಗಿದೆಯೋ ಊಟವೂ ಹಾಗೆ. ತಟ್ಟೆ ನೋಡಲು ಚೆಂದ, ಆದರೆ ಉಣ್ಣುವ ಮನುಷ್ಯನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೀನ ರಾಶಿಯವರಲ್ಲಿ ಮೀನನ್ನೇ ಮುಟ್ಟದವರು ಇದ್ದಾರೆ. ಏಡಿ, ಸೀಗಡಿಯಂಥ ಚಿಪ್ಪಿನ ಜೀವಿಗಳು ಅಲರ್ಜಿ ತರುವ ಆಹಾರಗಳಲ್ಲಿ ಮುಂಚೂಣಿಯಲ್ಲಿವೆ. ಕರ್ಕಾಟಕವೆಂದು ಕೇಳಿಕೊಂಡು ಏಡಿ ಬಡಿಸಿದರೆ ಅನಾಹುತವೂ ಆದೀತು.

ಸ್ವಭಾವಕ್ಕೆ ಊಟ ಹೊಂದಿಸುವ ಯೋಚನೆ ಬೇರೊಂದು ದಾರಿಯಿಂದ ಬಂದದ್ದು. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಗ್ರಹಗಳನ್ನು ಬಿಸಿ, ತಂಪು, ಒಣ, ಒದ್ದೆ ಎಂಬ ನಾಲ್ಕು ಗುಣಗಳಲ್ಲಿ ವಿವರಿಸಿದ. ಅದೇ ಶತಮಾನದ ವೈದ್ಯ ಗೇಲನ್ ಅದೇ ನಾಲ್ಕು ಗುಣಗಳಿಂದ ಮನುಷ್ಯರ ಪ್ರಕೃತಿಯನ್ನೂ ಆಹಾರವನ್ನೂ ಅಳೆದ. ಅಳತೆಗೋಲು ಒಂದೇ ಆದಮೇಲೆ ಆಕಾಶ, ದೇಹ, ತಟ್ಟೆ ಮೂರೂ ಒಂದೇ ಭಾಷೆಯಲ್ಲಿ ಮಾತಾಡತೊಡಗಿದವು. ಇತ್ತ ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಗ್ರಹಗಳಿಗೆ ರುಚಿಗಳನ್ನು ಹಂಚಿದ. 1652ರಲ್ಲಿ ಲಂಡನ್ನಿನ ನಿಕೋಲಸ್ ಕಲ್ಪೆಪರ್ ತನ್ನ ಮೂಲಿಕಾ ಗ್ರಂಥದಲ್ಲಿ ಬೆಳ್ಳುಳ್ಳಿಯನ್ನು ಮಂಗಳನಿಗೂ ಸೌತೆಕಾಯಿಯನ್ನು ಚಂದ್ರನಿಗೂ ಕೇಸರಿಯನ್ನು ಸಿಂಹದಲ್ಲಿರುವ ಸೂರ್ಯನಿಗೂ ಕೊಟ್ಟ. ನಾನು ಹಿಡಿದಿರುವುದು ಈ ದಾರಿಯನ್ನು: ಚಿಹ್ನೆಯ ಆಕಾರ ಬಿಟ್ಟು ಅದರ ಗುಣವನ್ನು ನೋಡುವುದು.

ಇದಕ್ಕೆ ವೈಜ್ಞಾನಿಕ ಆಧಾರವಿದೆಯೇ?

ಇಲ್ಲ. ಹುಟ್ಟಿದ ತಿಂಗಳು ನಾಲಿಗೆಯ ರುಚಿಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಶಾನ್ ಕಾರ್ಲ್‌ಸನ್ ಅವರ ಪರೀಕ್ಷೆಯಲ್ಲಿ, ಒಂದು ಜಾತಕಕ್ಕೆ ಮೂರು ವ್ಯಕ್ತಿತ್ವ ವಿವರಣೆಗಳನ್ನು ಕೊಟ್ಟು ಸರಿಯಾದದ್ದನ್ನು ಆರಿಸಲು ಜ್ಯೋತಿಷಿಗಳನ್ನು ಕೇಳಲಾಗಿತ್ತು. ಕಣ್ಣು ಮುಚ್ಚಿ ಆರಿಸಿದ್ದರೆ ಬರುತ್ತಿದ್ದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸರಿ ಉತ್ತರ ಅವರಿಂದ ಬರಲಿಲ್ಲ.

ಅದಕ್ಕೂ ಮೊದಲು, 1948ರಲ್ಲಿ, ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮದೇ ವ್ಯಕ್ತಿತ್ವದ ವಿವರ’ ಎಂದು ಒಂದೊಂದು ಹಾಳೆ ಕೊಟ್ಟು ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಒಂದೇ ಬರಹ, ಅದೂ ಬಹುಪಾಲು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ‘ನಿಮ್ಮ ರಾಶಿಯವರಿಗೆ ಒಳ್ಳೆಯ ಊಟವೆಂದರೆ ಇಷ್ಟ, ಆದರೆ ಕೆಲವೊಮ್ಮೆ ಸರಳವಾದದ್ದೇ ಸಾಕೆನಿಸುತ್ತದೆ’ ಎಂಬಂಥ ಸಾಲು ಓದಿ ‘ಅಯ್ಯೋ, ನನ್ನದೇ ಮಾತು’ ಎಂದುಕೊಂಡಿದ್ದರೆ ಈ ಪ್ರಯೋಗವನ್ನು ನೆನಪಿಸಿಕೊಳ್ಳಿ.

ಮತ್ತೆ ಏಕೆ ರಾಶಿ ನೋಡಿ ಅಡುಗೆ ಮಾಡುತ್ತೀರಿ?

ರಾಶಿ ಕೇಳಿದರೆ ಜನ ತಮ್ಮ ಬಗ್ಗೆ ಮಾತಾಡುತ್ತಾರೆ. ‘ನಿಮಗೆ ಏನು ಇಷ್ಟ?’ ಎಂದು ಕೇಳಿ ನೋಡಿ. ‘ಏನಾದರೂ ಆದೀತು, ತೊಂದರೆ ತೆಗೆದುಕೊಳ್ಳಬೇಡಿ’ ಎನ್ನುತ್ತಾರೆ. ‘ನೀವು ವೃಷಭವಂತೆ, ಊಟಕ್ಕೆ ಅವಸರ ಮಾಡಿದರೆ ಸೇರುವುದಿಲ್ಲವಂತೆ, ನಿಜವೇ?’ ಎಂದು ಕೇಳಿ. ಆಗ ಅವರು ನೆಟ್ಟಗೆ ಕುಳಿತು ಹೌದು ಅಥವಾ ಇಲ್ಲ ಎನ್ನುತ್ತಾರೆ, ಏಕೆಂದೂ ಹೇಳುತ್ತಾರೆ. ನನಗೆ ಬೇಕಾದದ್ದು ಆ ಕಾರಣ. ಎದುರಿನವರು ಹೇಗೆ ಉಣ್ಣುತ್ತಾರೆ, ಯಾವ ವೇಗದಲ್ಲಿ, ಯಾರ ಜೊತೆ, ಯಾವುದನ್ನು ಕೊನೆಗೆಂದು ಬದಿಗಿಡುತ್ತಾರೆ ಎಂಬುದರ ಕಡೆ ನನ್ನ ಗಮನ ತಿರುಗಿದ್ದೇ ರಾಶಿಗಳಿಂದ. ಅದಕ್ಕಾಗಿ ನನಗೆ ಇವುಗಳ ಮೇಲೆ ನಿಜವಾದ ಪ್ರೀತಿ.

ಸೂರ್ಯ ರಾಶಿ, ಚಂದ್ರ ರಾಶಿ, ಲಗ್ನ: ಯಾವುದನ್ನು ಹಿಡಿಯಬೇಕು?

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ತಾರೀಕಿನ ಪ್ರಕಾರ ಕಾಣುವ ಪಾಶ್ಚಾತ್ಯ ರಾಶಿ ಎಂದರೆ ಹುಟ್ಟಿದಾಗ ಸೂರ್ಯನಿದ್ದ ರಾಶಿ. ಆ ಪತ್ರಿಕಾ ಜ್ಯೋತಿಷ್ಯ ಜನಪ್ರಿಯವಾದದ್ದು 1930ರಲ್ಲಿ ಆರ್.ಎಚ್. ನೇಲರ್ ಎಂಬುವರು ಲಂಡನ್ನಿನ ಒಂದು ಭಾನುವಾರದ ಪತ್ರಿಕೆಗೆ ಆಗ ತಾನೇ ಹುಟ್ಟಿದ್ದ ರಾಜಕುಮಾರಿ ಮಾರ್ಗರೆಟ್‌ಳ ಭವಿಷ್ಯ ಬರೆದ ಮೇಲೆ. ಭಾರತೀಯ ಪದ್ಧತಿಯಲ್ಲಿ ಜನ್ಮರಾಶಿ ಎಂದರೆ ಚಂದ್ರನಿದ್ದ ರಾಶಿ. ಸೂರ್ಯ ಒಂದು ರಾಶಿಯಲ್ಲಿ ಸುಮಾರು ಒಂದು ತಿಂಗಳಿದ್ದರೆ ಚಂದ್ರ ಇರುವುದು ಎರಡೂಕಾಲು ದಿನ. ಲಗ್ನ ಎಂದರೆ ಹುಟ್ಟಿದ ಹೊತ್ತಿಗೆ ಪೂರ್ವ ದಿಗಂತದಲ್ಲಿ ಏಳುತ್ತಿದ್ದ ರಾಶಿ, ಅದಂತೂ ಹೆಚ್ಚು ಕಡಿಮೆ ಎರಡು ಗಂಟೆಗೊಮ್ಮೆ ಬದಲಾಗುತ್ತದೆ.

ಇನ್ನೊಂದು ತೊಡಕೂ ಇದೆ. ಪಾಶ್ಚಾತ್ಯರು ವಿಷುವದಿಂದ, ಅಂದರೆ ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ಬಿಂದುವಿನಿಂದ, ಎಣಿಸುತ್ತಾರೆ, ಭಾರತೀಯ ಪದ್ಧತಿ ನಕ್ಷತ್ರಗಳಿಂದ ಎಣಿಸುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲನೆ ಓಲಾಡುವುದರಿಂದ ಈ ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಏಪ್ರಿಲ್ 5ರಂದು ಹುಟ್ಟಿದವರು ಅಲ್ಲಿ ಮೇಷ, ಇಲ್ಲಿನ ಲೆಕ್ಕದಲ್ಲಿ ಅವರ ಸೂರ್ಯ ಇನ್ನೂ ಮೀನದಲ್ಲಿ.

ಮೇಜಿನ ಮಟ್ಟಿಗೆ ನಾನು ಚಂದ್ರನನ್ನು ಮುಂದಿಡುತ್ತೇನೆ. ಜ್ಯೋತಿಷ್ಯದಲ್ಲಿ ಚಂದ್ರ ಮನಸ್ಸಿನ ಕಾರಕ. ಹಸಿವು, ಹಂಬಲ, ಬೇಸರವಾದಾಗ ಕೈ ಯಾವ ಡಬ್ಬಿಯತ್ತ ಹೋಗುತ್ತದೆ ಎಂಬುದೆಲ್ಲ ಮನಸ್ಸಿನ ಆಟ. ಚಂದ್ರ ರಾಶಿ ತಿಳಿಯದಿದ್ದರೆ ಎದುರಿನವರು ಯಾವುದನ್ನು ‘ನನ್ನ ರಾಶಿ’ ಎಂದು ಹೇಳಿಕೊಳ್ಳುತ್ತಾರೋ ಅದೇ ಸಾಕು.

ಎರಡು ರಾಶಿಗಳ ಸಂಧಿಯಲ್ಲಿ ಹುಟ್ಟಿದವರ ಗತಿ?

ಎರಡು ರಾಶಿಯ ವಿವರವನ್ನೂ ಓದಿ ಹೇಳಿ, ಯಾವುದು ತಮ್ಮದೆಂದು ಅವರೇ ಆರಿಸಿಕೊಳ್ಳಲಿ.

ಹನ್ನೆರಡು ರಾಶಿಗಳನ್ನೂ ನೆನಪಿಡುವುದು ಕಷ್ಟ. ಸುಲಭದ ದಾರಿ ಇದೆಯೇ?

ಎರಡು ಎಳೆಗಳನ್ನು ಹಿಡಿದರೆ ಸಾಕು. ಮೊದಲನೆಯದು ತತ್ವ. ಮೇಷ, ಸಿಂಹ, ಧನು ಅಗ್ನಿ. ವೃಷಭ, ಕನ್ಯಾ, ಮಕರ ಪೃಥ್ವಿ. ಮಿಥುನ, ತುಲಾ, ಕುಂಭ ವಾಯು. ಕರ್ಕಾಟಕ, ವೃಶ್ಚಿಕ, ಮೀನ ಜಲ. ಎರಡನೆಯದು ಚಲನೆ. ಮೇಷದಿಂದ ಎಣಿಸುತ್ತಾ ಹೋದರೆ ಚರ, ಸ್ಥಿರ, ದ್ವಿಸ್ವಭಾವ ಎಂದು ಮೂರು ಮೂರಾಗಿ ತಿರುಗುತ್ತದೆ. ಯಾವ ಬಗೆಯ ಊಟ ಎಂಬುದನ್ನು ತತ್ವ ಸೂಚಿಸಿದರೆ, ಅದನ್ನು ಹೇಗೆ ಉಣ್ಣುತ್ತಾರೆ ಎಂಬುದನ್ನು ಚಲನೆ ಸೂಚಿಸುತ್ತದೆ. ಚರ ರಾಶಿಯವರು ಹೊಸದನ್ನು ಮೊದಲು ಬಾಯಿಗಿಡುವವರು. ಸ್ಥಿರ ರಾಶಿಯವರು ಒಪ್ಪಿದ್ದನ್ನು ವರ್ಷಗಟ್ಟಲೆ ಬಿಡದವರು. ದ್ವಿಸ್ವಭಾವದವರಿಗೆ ತಟ್ಟೆಯಲ್ಲಿ ಯಾವಾಗಲೂ ಎರಡು ಬಗೆ ಇರಬೇಕು.

ಒಂದೇ ತತ್ವದ ಮೂವರು ಒಂದೇ ಬಗೆಯಾಗಿ ಕಾಣದಿರುವುದು ಈ ಎರಡನೆಯ ಎಳೆಯಿಂದ. ಬಹಳ ಪಟ್ಟಿಗಳು ಇದನ್ನು ಮರೆತುಬಿಡುತ್ತವೆ.

ಅಗ್ನಿ ರಾಶಿಯವರೆಲ್ಲ ಖಾರಪ್ರಿಯರೇ?

ಹಾಗೆಂದು ನಂಬುವುದು ಸುಲಭ, ಏಕೆಂದರೆ ಖಾರಕ್ಕೂ ಬೆಂಕಿಗೂ ನಿಜವಾಗಿಯೇ ನಂಟಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ನಾಲಿಗೆಯಲ್ಲಿ ತಟ್ಟುವುದು ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ. 1997ರಲ್ಲಿ ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ‘ಬಾಯಿ ಉರಿಯುತ್ತಿದೆ’ ಎನ್ನುವಾಗ ಮಿದುಳಿಗೆ ಹೋಗುವ ಸಂದೇಶವೂ ಉರಿಯದೇ. ಸ್ವಭಾವಕ್ಕೂ ಖಾರಕ್ಕೂ ಕೂಡ ಒಂದು ನಂಟು ಕಂಡಿದೆ: ರೋಮಾಂಚನ ಹುಡುಕುವ ಸ್ವಭಾವದವರಲ್ಲಿ ಖಾರದ ಒಲವು ಹೆಚ್ಚೆಂದು 2013ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು ವರದಿ ಮಾಡಿದರು. ಅವರು ಅಳೆದದ್ದು ಸ್ವಭಾವವನ್ನು, ರಾಶಿಯನ್ನಲ್ಲ. ನನ್ನ ಕೆಲಸಕ್ಕೂ ಅಷ್ಟೇ ಬೇಕು.

ಮೇಷದವರಲ್ಲಿ ಖಾರಕ್ಕಿಂತ ಮುಖ್ಯವಾದದ್ದು ವೇಗ. ಹಸಿದ ಹತ್ತು ನಿಮಿಷದೊಳಗೆ ತಟ್ಟೆ ಎದುರಿಗಿರಬೇಕು. ಜೋರು ಉರಿಯಲ್ಲಿ ಬೇಗ ಹುರಿದದ್ದು, ಶುಂಠಿ ಬೆಳ್ಳುಳ್ಳಿ ಬಿದ್ದದ್ದು, ಆವಿಯಾಡುವಾಗಲೇ ಬಡಿಸಿದ್ದು. ಮೂರು ಗಂಟೆ ಬೇಯುವ ಅಡುಗೆಗೆ ಮೇಷದವರನ್ನು ಕರೆದರೆ, ನಡುವೆ ಕುರುಕಲು ಹುರಿಗಡಲೆಯನ್ನಾದರೂ ಮುಂದಿಡಿ. ಅದು ಅವರ ರಾಶಿಯ ಕಾಳೂ ಹೌದು.

ಸಿಂಹದವರಿಗೆ ತಟ್ಟೆ ಬರುವ ಕ್ಷಣ ದೊಡ್ಡದು. ಮೇಜಿನ ನಡುವೆ ಒಂದೇ ಒಂದು ಭರ್ಜರಿ ಅಡುಗೆ, ಎಲ್ಲರಿಗೂ ಕಾಣುವಂತೆ, ಕತ್ತರಿಸಿ ಹಂಚುವಂತೆ ಇರಬೇಕು. ಹಂಚುವ ಕೆಲಸವನ್ನು ಅವರಿಗೇ ಬಿಡಿ. ಸಿಂಹದ ಹೆಮ್ಮೆಯನ್ನು ಎಲ್ಲರೂ ಬರೆಯುತ್ತಾರೆ, ಅದರ ಔದಾರ್ಯವನ್ನು ಬರೆಯುವವರು ಕಡಿಮೆ. ದೊಡ್ಡ ಪಾಲನ್ನು ಮೊದಲು ಪಕ್ಕದವರ ತಟ್ಟೆಗೆ ಹಾಕುವ ಸಿಂಹಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ಕೇಸರಿಯ ಬಣ್ಣ, ಜೇನಿನ ಹೊಳಪು, ಹದವಾಗಿ ಕೆಂಪಾದ ಮೇಲ್ಪದರ ಇವರಿಗೆ ಒಪ್ಪುತ್ತವೆ.

ಧನುವಿನವರಿಗೆ ಎಂದೂ ಹೆಸರು ಕೇಳದ ಊರಿನ ಅಡುಗೆ ಮಾಡಿ, ಅದರ ಕಥೆ ಹೇಳಿ. ಅಡುಗೆ ಸ್ವಲ್ಪ ಕೆಟ್ಟರೂ ಕಥೆಗಾಗಿ ಕ್ಷಮಿಸುತ್ತಾರೆ.

ವೃಷಭದವರು ಊಟದ ವಿಷಯದಲ್ಲಿ ನಿಜವಾಗಿಯೂ ಎಲ್ಲರಿಗಿಂತ ಮುಂದೆಯೇ?

ಜ್ಯೋತಿಷ್ಯದ ಕಟ್ಟಿನಲ್ಲಿ ಇವರಿಗೆ ಆ ಪಟ್ಟ ಹುಟ್ಟಿನಿಂದಲೇ ಬಂದಿದೆ. ಜಾತಕದ ಎರಡನೆಯ ಮನೆ ಬಾಯಿ, ಮಾತು, ಆಹಾರಗಳದ್ದು. ರಾಶಿಚಕ್ರದಲ್ಲಿ ಎರಡನೆಯದು ವೃಷಭ. ರಾಶಿಚಕ್ರವನ್ನೇ ಒಬ್ಬ ಮನುಷ್ಯನೆಂದು ಕಲ್ಪಿಸಿದ ಕಾಲಪುರುಷನ ದೇಹದಲ್ಲಿ ಮೇಷ ತಲೆಯಾದರೆ ವೃಷಭ ಮುಖ. ಅಧಿಪತಿ ಶುಕ್ರ, ತತ್ವ ಪೃಥ್ವಿ, ಚಲನೆ ಸ್ಥಿರ. ಅಲುಗಾಡದ ನೆಲದ ಮೇಲೆ ಕುಳಿತು ಸುಖವನ್ನು ಸವಿಯುವುದು ಎಂದು ಇಷ್ಟನ್ನೂ ಒಟ್ಟಿಗೆ ಓದಬಹುದು.

ಇವರಿಗೆ ದುಬಾರಿಯದ್ದೇ ಆಗಬೇಕೆಂದಿಲ್ಲ. ಬಿಸಿ ಬ್ರೆಡ್ಡಿನ ಮೇಲೆ ಕರಗುತ್ತಿರುವ ಬೆಣ್ಣೆ ಸಾಕು, ಆದರೆ ಬೆಣ್ಣೆ ಒಳ್ಳೆಯದಾಗಿರಬೇಕು, ಬ್ರೆಡ್ಡಿನ ಹೊರಪದರ ಗರಿಗರಿ ಎನ್ನಬೇಕು. ರುಚಿಯಷ್ಟೇ ಸ್ಪರ್ಶವೂ ಇವರಿಗೆ ಮುಖ್ಯ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದು ಮೆತ್ತಗಾದ ಬೇರುತರಕಾರಿ, ಕೆನೆಗಟ್ಟಿದ ಹಾಲಿನ ಸಿಹಿ, ಚೆನ್ನಾಗಿ ಹಣ್ಣಾದ ಪೇರ್ ಇವೆಲ್ಲ ವೃಷಭದ ತಟ್ಟೆಗೆ ಸೇರಿದವು. ಒಮ್ಮೆ ಮೆಚ್ಚಿದ ಅಡುಗೆಯನ್ನು ಮುಂದಿನ ಬಾರಿ ಹೊಸ ರೀತಿಯಲ್ಲಿ ಮಾಡಲು ಹೋಗಬೇಡಿ. ಅವರು ಅದೇ ರುಚಿಯನ್ನು ನೆನೆಯುತ್ತಾ ಬಂದಿರುತ್ತಾರೆ. ಅವರು ಉಣ್ಣುತ್ತಿರುವಾಗ ಖಾಲಿ ತಟ್ಟೆಗಳನ್ನು ತೆಗೆಯಲು ಆರಂಭಿಸುವುದೂ ಬೇಡ. ನನ್ನ ದೃಷ್ಟಿಯಲ್ಲಿ ವೃಷಭದವರಿಗೆ ಮಾಡಬಹುದಾದ ದೊಡ್ಡ ಅನ್ಯಾಯ ಅದು.

ಕನ್ಯಾ ರಾಶಿಯವರಿಗೆ ಅಡುಗೆ ಮಾಡಲು ಭಯವಾಗುತ್ತದೆ. ಅವರು ಎಲ್ಲದರಲ್ಲೂ ತಪ್ಪು ಹುಡುಕುತ್ತಾರಲ್ಲವೇ?

ಈ ಆರೋಪ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಕನ್ಯೆಯ ಚಿತ್ರವನ್ನು ನೋಡಿ, ಕೈಯಲ್ಲಿ ಧಾನ್ಯದ ತೆನೆ ಇದೆ. ಆ ರಾಶಿಯ ಅತಿ ಪ್ರಕಾಶದ ನಕ್ಷತ್ರ, ನಾವು ಚಿತ್ತಾ ಎನ್ನುವುದು, ಲ್ಯಾಟಿನ್ನಿನಲ್ಲಿ ಸ್ಪೈಕಾ, ಅರ್ಥ, ತೆನೆ. ಇಡೀ ರಾಶಿಚಕ್ರದಲ್ಲಿ ಆಹಾರವನ್ನು ಕೈಯಲ್ಲಿ ಹಿಡಿದು ನಿಂತವಳು ಇವಳೊಬ್ಬಳೇ. ತೆನೆಯಲ್ಲಿ ಜೊಳ್ಳೆಷ್ಟು ಕಾಳೆಷ್ಟು ಎಂದು ಬಿಡಿಸಿ ನೋಡುವುದು ಅವಳ ಕೆಲಸ. ಅದನ್ನು ತಕರಾರು ಎನ್ನುವುದು ಸರಿಯಲ್ಲ.

ಕನ್ಯಾದವರಿಗೆ ಯಾವುದರಲ್ಲಿ ಏನೇನು ಬಿದ್ದಿದೆ ಎಂದು ಮೊದಲೇ ಹೇಳಿ. ಸಾಸನ್ನು ಮೇಲೆ ಸುರಿಯದೆ ಪಕ್ಕದ ಬಟ್ಟಲಲ್ಲಿ ಕೊಡಿ. ಇಡೀ ಧಾನ್ಯ, ತಾಜಾ ಸೊಪ್ಪು, ಹದವಾಗಿ ಆವಿಯಲ್ಲಿ ಬೆಂದ ತರಕಾರಿ, ಪ್ರತಿಯೊಂದರ ರುಚಿ ಬೇರೆ ಬೇರೆ ತಿಳಿಯುವಂತೆ ಇರಲಿ. ಅವರು ಪ್ರಶ್ನೆ ಕೇಳಿದರೆ ಸಂತೋಷಪಡಿ. ನಿಮ್ಮ ಅಡುಗೆಯನ್ನು ಅಷ್ಟು ಶ್ರದ್ಧೆಯಿಂದ ಉಣ್ಣುವವರು ಬೇರೆ ಸಿಗಲಾರರು.

ಮಕರ?

ಕಾಲ ಮಾಗಿಸಿದ್ದು ಇವರಿಗೆ ಒಪ್ಪುತ್ತದೆ: ಹಳೆಯ ಗಟ್ಟಿ ಚೀಸ್, ಕಡುಕಪ್ಪು ಚಾಕೊಲೇಟ್, ಹಾಲಿಲ್ಲದ ಚಹಾ. ವರಾಹಮಿಹಿರ ಶನಿಗೆ ಕೊಟ್ಟದ್ದು ಒಗರು ರುಚಿ. ಮಕರದ ಅಧಿಪತಿ ಶನಿಯೇ.

ವಾಯು ರಾಶಿಯವರಿಗೆ ಊಟಕ್ಕಿಂತ ಮಾತೇ ಹೆಚ್ಚೆನ್ನುತ್ತಾರೆ. ಏನು ಬಡಿಸಬೇಕು?

ಮಾತನ್ನು ನಿಲ್ಲಿಸದ ಊಟ ಬಡಿಸಿ. ಮಿಥುನದವರಿಗೆ ಒಂದೊಂದು ತುತ್ತಿನ ಹಲವು ತಿನಿಸುಗಳು, ಕೈಯಲ್ಲೇ ಎತ್ತಿಕೊಳ್ಳುವಂಥವು, ಅದ್ದಿ ತಿನ್ನಲು ಎರಡು ಮೂರು ಚಟ್ನಿಗಳು. ದೊಡ್ಡ ತಟ್ಟೆಯ ತುಂಬ ಒಂದೇ ಅಡುಗೆ ಇಟ್ಟರೆ ಅರ್ಧದಲ್ಲೇ ಅವರ ಮನಸ್ಸು ಬೇರೆಡೆ ಹಾರಿರುತ್ತದೆ.

ತುಲಾದವರ ವಿಷಯದಲ್ಲಿ ಟ್ರಿಮಾಲ್ಕಿಯೋನ ಅಡುಗೆಯವನು ನನಗಿಂತ ಮುಂದಿದ್ದ ಎನಿಸುತ್ತದೆ. ಎರಡು ಸಿಹಿಗಳು, ಒಂದು ತಕ್ಕಡಿ. ತುಲಾದವರಿಗೆ ಹತ್ತು ಆಯ್ಕೆ ಕೊಟ್ಟರೆ ಹಿಂಸೆ, ಒಂದೇ ಕೊಟ್ಟರೆ ನಿರಾಸೆ. ಎರಡು ಕೊಡಿ, ಎರಡರಲ್ಲೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಲು ಬಿಡಿ. ಸಿಹಿ ಹುಳಿ ಸಮವಾಗಿ ಕೂಡಿದ್ದು, ದಾಳಿಂಬೆ ಉದುರಿಸಿದ ಸಲಾಡ್, ನಿಂಬೆ ಜೇನು ಬೆರೆತದ್ದು ಅವರಿಗೆ ಹಿತ. ತಟ್ಟೆಯ ಅಂಚು ಒರೆಸಿ ಕೊಡಿ, ಅವರ ಕಣ್ಣಿಗೆ ಅದು ಬೀಳುತ್ತದೆ.

ಕುಂಭದವರಿಗೆ ಗೊತ್ತಿರುವ ವಸ್ತುವನ್ನು ಗೊತ್ತಿಲ್ಲದ ರೂಪದಲ್ಲಿ ಕೊಡಿ: ಸುಟ್ಟ ಕಲ್ಲಂಗಡಿ, ಉಪ್ಪು ಹಾಕಿದ ಚಾಕೊಲೇಟ್. ಎಲ್ಲರೂ ತಿನ್ನುತ್ತಿದ್ದಾರೆಂದು ಅವರನ್ನು ಒತ್ತಾಯಿಸಿದರೆ ಕೈ ತೊಳೆದುಬಿಡುತ್ತಾರೆ.

ಜಲ ರಾಶಿಗಳಿಗೆ ಸೂಪ್ ಎಂದು ಎಲ್ಲೆಡೆ ಬರೆದಿರುತ್ತದೆ. ಅಷ್ಟೇನಾ?

ದ್ರವ ಎಂದು ಸೂಪ್ ಹೇಳಿದರೆ ಅದು ಮತ್ತೆ ಚಿಹ್ನೆಯ ಹಿಂದೆ ಹೋದಂತೆ. ಜಲದ ಗುಣ ನೆನಪು ಮತ್ತು ಭಾವ.

ಕರ್ಕಾಟಕದವರ ಊಟ ಬಾಲ್ಯದ ಊಟ. ಅವರಿಗೆ ಅಡುಗೆ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಚಿಕ್ಕಂದಿನಲ್ಲಿ ಜ್ವರ ಬಂದಾಗ ಮನೆಯಲ್ಲಿ ಏನು ಕೊಡುತ್ತಿದ್ದರು? ಉತ್ತರ ಹೇಳುವಾಗಲೇ ಅವರ ದನಿ ಬದಲಾಗುತ್ತದೆ. ರುಚಿಯ ನೆನಪು ನಾವೆಣಿಸಿದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗಲೋ ಹಾಲೂಡುವಾಗಲೋ ತಾಯಂದಿರು ಕ್ಯಾರೆಟ್ ರಸ ಕುಡಿದಿದ್ದರೆ, ಅವರ ಮಕ್ಕಳು ಕ್ಯಾರೆಟ್ ರುಚಿಯ ಮೊದಲ ಗಂಜಿಗೆ ಮುಖ ಸಿಂಡರಿಸಿದ್ದು ಕಡಿಮೆ. ಎಲ್ಲ ಮಕ್ಕಳ ವಿಷಯದಲ್ಲೂ ನಿಜವಾದ ಈ ಮಾತನ್ನು ಕರ್ಕಾಟಕದವರು ಜೀವನವಿಡೀ ಹೊತ್ತು ತಿರುಗುತ್ತಾರೆ ಎಂದು ರಾಶಿಯ ಭಾಷೆ ಹೇಳುತ್ತದೆ.

ವೃಶ್ಚಿಕದವರಿಗೆ ಮೇಲುಮೇಲಿನ ರುಚಿ ಸಾಲದು. ಅಣಬೆ, ಹುದುಗು ಬರಿಸಿದ ಸೋಯಾ, ಕಪ್ಪಗಾಗುವವರೆಗೆ ಬಾಡಿಸಿದ ಈರುಳ್ಳಿ, ಜೊತೆಗೆ ಒಂದಿಷ್ಟು ಕಹಿ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಿಂದ ಬೇರ್ಪಡಿಸಿ ‘ಉಮಾಮಿ’ ಎಂದು ಹೆಸರಿಟ್ಟ ರುಚಿಯನ್ನು ನಾನು ಮನಸ್ಸಿನಲ್ಲಿ ವೃಶ್ಚಿಕದ ರುಚಿ ಎಂದೇ ಕರೆಯುತ್ತೇನೆ. ತಟ್ಟನೆ ಮುಖಕ್ಕೆ ಹೊಡೆಯುವುದಿಲ್ಲ, ನುಂಗಿದ ಮೇಲೂ ಬಹಳ ಹೊತ್ತು ಉಳಿಯುತ್ತದೆ.

ಮೀನದವರು ಪಕ್ಕದವರು ಏನು ತಿನ್ನುತ್ತಾರೋ ಅದನ್ನೇ ತಿನ್ನುತ್ತಾರೆ, ಅವರ ಮನಃಸ್ಥಿತಿಯನ್ನೂ ಜೊತೆಗೇ ನುಂಗುತ್ತಾರೆ. ಮೃದುವಾದ, ತಿಳಿಯಾದ, ಸುವಾಸನೆಯ ಊಟ ಇರಲಿ. ಜಗಳವಾಡುವವರ ಪಕ್ಕದಲ್ಲಿ ಅವರನ್ನು ಕೂರಿಸಬೇಡಿ.

ಸ್ವಭಾವಕ್ಕೆ ಹೊಂದುವುದನ್ನು ಕೊಡಬೇಕೋ, ಸ್ವಭಾವವನ್ನು ತಣಿಸುವುದನ್ನೋ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಪಟ್ಟಿಗಳೆಲ್ಲ ಮೊದಲನೆಯದನ್ನೇ ಹೇಳುತ್ತವೆ: ಬೆಂಕಿಗೆ ಖಾರ, ನೀರಿಗೆ ಸೂಪ್. ಆದರೆ ಹಳೆಯ ವೈದ್ಯರ ಒಲವು ಎರಡನೆಯದರ ಕಡೆಗಿತ್ತು. ದೇಹ ಅತಿ ಬಿಸಿಯಾದರೆ ತಂಪನ್ನು, ಅತಿ ಒಣಗಿದರೆ ತೇವವನ್ನು ಕೊಡುವುದು ಗೇಲನ್ನನ ಪಾಠ. ಇಟಲಿಯ ಫ್ಲಾರೆನ್ಸಿನಲ್ಲಿದ್ದ ಮಾರ್ಸಿಲಿಯೋ ಫಿಚಿನೋ 1489ರಲ್ಲಿ ಪ್ರಕಟಿಸಿದ ಆರೋಗ್ಯ ಗ್ರಂಥದಲ್ಲಿ, ಓದುವವರನ್ನು ಶನಿಯ ವಿಷಣ್ಣತೆ ಹಿಡಿಯುತ್ತದೆ, ಅವರು ಸೂರ್ಯನಿಗೂ ಗುರುವಿಗೂ ಸೇರಿದ ಕೇಸರಿ, ದಾಲ್ಚಿನ್ನಿ, ಜೇನಿನಂಥವುಗಳಿಂದ ಅದನ್ನು ಸರಿದೂಗಿಸಿಕೊಳ್ಳಬೇಕು ಎಂದ. ತನ್ನ ಜಾತಕದಲ್ಲೇ ಶನಿ ಬಲವಾಗಿ ಕುಳಿತಿದ್ದಾನೆ ಎಂಬ ಅಳಲು ಅವನಿಗಿತ್ತು.

ಕಲ್ಪೆಪರ್ ಕೊಡುವ ಉದಾಹರಣೆ ಇನ್ನೂ ಸೊಗಸು. ಮೀನನ್ನು ಬೇಯಿಸುವಾಗ ಸೋಂಪಿನ ಗಿಡವನ್ನು ಹಾಕುವ ಹಳೆಯ ರೂಢಿಯನ್ನು ಅವನು ಮೆಚ್ಚುತ್ತಾನೆ. ಸೋಂಪು ಬುಧನದು, ಕನ್ಯಾ ರಾಶಿಗೆ ಸೇರಿದ್ದು. ಆದ್ದರಿಂದ ಅದಕ್ಕೆ ಮೀನ ರಾಶಿಯ ಜೊತೆ ವಿರೋಧ. ಹಾಗಾಗಿಯೇ ಮೀನಿನ ಕಫಗುಣವನ್ನು ಅದು ಕಳೆಯುತ್ತದೆ ಎಂದು ಅವನ ತರ್ಕ. ಚಕ್ರದಲ್ಲಿ ಕನ್ಯಾ ಮತ್ತು ಮೀನ ಎದುರು ಬದುರು. ಇಂದಿನ ಅಡುಗೆಯವರೂ ಮೀನಿಗೆ ಸೋಂಪು ಹಾಕುತ್ತಾರೆ, ಕಾರಣ ರಾಶಿಯಲ್ಲ, ರುಚಿ. ಆದರೂ ಎದುರು ರಾಶಿಯಿಂದ ಒಂದು ಚಿಟಿಕೆ ತರುವ ಈ ಉಪಾಯವನ್ನು ನಾನು ಯಾವಾಗಲೂ ಬಳಸುತ್ತೇನೆ. ಮೇಷದ ಬಿರುಸಿನ ಅಡುಗೆಗೆ ತುಲಾದ ಸಿಹಿ ಹುಳಿ. ವೃಷಭದ ಬೆಣ್ಣೆಗೆ ವೃಶ್ಚಿಕದ ಕಹಿ. ಸಿಂಹದ ಭರ್ಜರಿ ತಟ್ಟೆಯಲ್ಲಿ ಕುಂಭದ ಒಂದು ಅಚ್ಚರಿ.

ಯಾವಾಗ ಯಾವುದೆಂದರೆ, ಸಂಭ್ರಮದ ದಿನ ಸ್ವಭಾವಕ್ಕೆ ಹೊಂದುವುದು, ದಣಿದ ದಿನ ಅದನ್ನು ತಣಿಸುವುದು. ಸಿಟ್ಟಿನಲ್ಲಿರುವ ಮೇಷದವರಿಗೆ ಮೆಣಸು ಕೊಡಬೇಡಿ, ಸೌತೆಕಾಯಿ ಕೊಡಿ.

ನನ್ನ ರಾಶಿಗೆ ಹೇಳಿದ ಆಹಾರ ನನಗೆ ಸೇರುವುದೇ ಇಲ್ಲ. ಏನು ಮಾಡಲಿ?

ತಿನ್ನಬೇಡಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಇರುವುದೇ ಇದಕ್ಕೆ.

ನಾಲಿಗೆಗಳೇ ಬೇರೆ ಬೇರೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ಬಾಯೆಲ್ಲ ಕಹಿಯಾಯಿತು ಎಂದರು, ಫಾಕ್ಸ್‌ಗೆ ಏನೂ ರುಚಿಯೇ ತಿಳಿಯಲಿಲ್ಲ. ಆ ವ್ಯತ್ಯಾಸದ ಹಿಂದಿರುವುದು ಮುಖ್ಯವಾಗಿ ಒಂದು ಜೀನ್ ಎಂದು ಆಮೇಲೆ ಗೊತ್ತಾಯಿತು. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನಂತೆ ರುಚಿಸುವುದರಲ್ಲೂ ವಂಶವಾಹಿಯ ಪಾಲಿದೆ. ಅಂಥವರಿಗೆ ‘ನಿಮ್ಮ ರಾಶಿಗೆ ಸೊಪ್ಪು ಒಳ್ಳೆಯದು’ ಎಂದು ಹೇಳಿ ಪ್ರಯೋಜನವಿಲ್ಲ.

ಒಮ್ಮೆ ಮೇಷದ ಅತಿಥಿಯೊಬ್ಬರಿಗೆಂದು ನಾನು ಬಹಳ ಉತ್ಸಾಹದಿಂದ ಖಾರದ ಅಡುಗೆ ಮಾಡಿದ್ದೆ. ಅವರು ಸಂಕೋಚದಿಂದ ಎಲ್ಲವನ್ನೂ ಉಂಡರು. ಹೊಟ್ಟೆಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದ ಅವರು ಎರಡು ದಿನ ಒದ್ದಾಡಿದರೆಂದು ಆಮೇಲೆ ತಿಳಿಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆ ‘ಯಾವುದು ಆಗುವುದಿಲ್ಲ?’ ರಾಶಿ ಎರಡನೆಯದು.

ರಾಶಿಗೆ ತಕ್ಕ ಊಟದಿಂದ ತೂಕ ಇಳಿಯುತ್ತದೆಯೇ, ಕಾಯಿಲೆ ಗುಣವಾಗುತ್ತದೆಯೇ?

ಇಲ್ಲ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ತೆಗೆದುಕೊಳ್ಳುವವರು ‘ನನ್ನದು ಪೃಥ್ವಿ ರಾಶಿ’ ಎಂದು ಒಮ್ಮೆಲೇ ಸೊಪ್ಪು ಹೆಚ್ಚಿಸಿದರೆ ಅದರಲ್ಲಿನ ಕೆ ವಿಟಮಿನ್ ಔಷಧದ ಕೆಲಸವನ್ನು ಕುಗ್ಗಿಸುತ್ತದೆ. ಕೊಲೆಸ್ಟರಾಲಿಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ರಸ ಅಪಾಯ. ಅತಿಮಧುರವನ್ನು ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ. ಇಂಥ ವಿಷಯಗಳಲ್ಲಿ ವೈದ್ಯರ ಮಾತೇ ಕೊನೆ.

ಮಕ್ಕಳ ರಾಶಿ ನೋಡಿ ಊಟ ಕೊಡಬಹುದೇ?

ಆಟವಾಗಿ ಮಾಡಿ, ಹಣೆಪಟ್ಟಿಯಾಗಿ ಬೇಡ. ‘ಇವನು ಕನ್ಯಾ, ಅದಕ್ಕೇ ತರಕಾರಿ ತಿನ್ನುವುದಿಲ್ಲ’ ಎಂದು ಮಗುವಿನ ಎದುರು ಹೇಳಿದರೆ ಅದು ಹಾಗೆಯೇ ಇರಲು ಕಲಿಯುತ್ತದೆ. ಹೊಸ ತರಕಾರಿಯೊಂದು ಒಪ್ಪಿಗೆಯಾಗಲು ಎಂಟು ಹತ್ತು ಬಾರಿ, ಕೆಲವೊಮ್ಮೆ ಇನ್ನೂ ಹೆಚ್ಚು ಬಾರಿ ಬಾಯಿಗೆ ತಾಗಬೇಕಾಗುತ್ತದೆ. ಅಷ್ಟು ಅವಕಾಶ ಕೊಡಿ. ಒಂದು ವರ್ಷದೊಳಗಿನ ಮಗುವಿಗೆ ಯಾವ ರಾಶಿಯಾದರೂ ಜೇನು ಬೇಡ, ಅದರಲ್ಲಿರಬಹುದಾದ ಬಾಟ್ಯುಲಿಸಮ್ ಬೀಜಾಣುಗಳಿಂದ ಜೀವಕ್ಕೆ ಅಪಾಯ.

ಬೇರೆ ಬೇರೆ ರಾಶಿಯವರು ಒಟ್ಟಿಗೆ ಊಟಕ್ಕೆ ಬಂದರೆ ಹನ್ನೆರಡು ಅಡುಗೆ ಮಾಡಬೇಕೇ?

ಬೇಕಿಲ್ಲ. ಒಂದೇ ಮೂಲ ಅಡುಗೆ ಮಾಡಿ, ಪಕ್ಕದಲ್ಲಿ ನಾಲ್ಕು ಬಟ್ಟಲು ಇಡಿ. ಹುರಿದ ಮೆಣಸಿನ ಎಣ್ಣೆ ಅಗ್ನಿಗೆ. ಬೆಣ್ಣೆಯಲ್ಲಿ ಹುರಿದ ಬೀಜಗಳು ಪೃಥ್ವಿಗೆ. ನಿಂಬೆ ಹಿಂಡಿದ ಹಸಿ ಸೊಪ್ಪು ವಾಯುವಿಗೆ. ಅಣಬೆಯ ಗಟ್ಟಿ ರಸ ಜಲಕ್ಕೆ. ಹೆಸರು ಹೇಳಬೇಡಿ, ಸುಮ್ಮನೆ ಮೇಜಿನ ಮೇಲಿಡಿ. ಯಾರ ಕೈ ಯಾವ ಬಟ್ಟಲಿಗೆ ಹೋಗುತ್ತದೆ ಎಂದು ನೋಡುವುದು ನನಗೆ ಆ ಸಂಜೆಯ ದೊಡ್ಡ ಸಂತೋಷ. ಎಷ್ಟೋ ಬಾರಿ ನನ್ನ ಊಹೆ ತಪ್ಪುತ್ತದೆ, ಆಗ ಆ ಮನುಷ್ಯರ ಬಗ್ಗೆ ಹೊಸದೊಂದು ತಿಳಿಯುತ್ತದೆ.

ಹುಟ್ಟಿದ ದಿನವೇ ಗೊತ್ತಿಲ್ಲದವರಿಗೆ?

ಅವರು ಉಣ್ಣುವುದನ್ನು ನೋಡಿ. ಬಿಸಿ ಆರುವ ಮುನ್ನ ಬಾಯಿಗಿಡುತ್ತಾರೋ, ಎಲ್ಲವನ್ನೂ ಬೇರೆ ಬೇರೆ ಜೋಡಿಸಿಕೊಳ್ಳುತ್ತಾರೋ, ಮಾತಿನ ನಡುವೆ ತುತ್ತನ್ನು ಮರೆಯುತ್ತಾರೋ, ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಾರೋ. ಅಗ್ನಿ, ಪೃಥ್ವಿ, ವಾಯು, ಜಲ ನಾಲ್ಕೂ ಅಲ್ಲೇ ಇವೆ. ಹುಟ್ಟಿದ ತಾರೀಕು ದಾಖಲಾಗಿರದ ವಯಸ್ಸಾದವರೊಬ್ಬರು ‘ನನಗೆ ಯಾವ ರಾ‌ಶಿ ಕೊಡುತ್ತೀರಿ?’ ಎಂದು ನನ್ನನ್ನು ಕೇಳಿದ್ದರು. ಅವರು ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಅರ್ಧ ಗಂಟೆ ತಿಂದದ್ದನ್ನು ನೋಡಿ ವೃಷಭ ಎಂದೆ. ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಆರಿಸಿಕೊಂಡು ಹುಟ್ಟುಹಬ್ಬ ಮಾಡಿಕೊಳ್ಳುತ್ತಾರೆ, ಬ್ರೆಡ್ಡನ್ನು ನಾನೇ ಸುಡುತ್ತೇನೆ.